ಆಸ್ಪತ್ರೆಯಲ್ಲೇ ಇದ್ದರೂ ಅಪ್ಪ ಬಿದ್ದದ್ದೇಕೆ?

ಪ್ರಶ್ನೆ: (ಬ್ರಹ್ಮಾವರ ಕಡೆಯ ಓದುಗರೊಬ್ಬರ ದೀರ್ಘ ಪತ್ರದ ಸಾರ)

ನನ್ನ ತಂದೆಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಮೂರು ವಾರದ ಹಿಂದೆ ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ, ಎಡಗಾಲಿನ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ, ಬೆಳಗಿನ ಜಾವ ನಾಲ್ಕು ಗಂಟೆಗೆ, ಯಾರನ್ನೂ ಕರೆಯದೆ ಮಂಚದ ಕಂಬಿ ದಾಟಿ ಮೂತ್ರಕ್ಕೆಂದು ಹೊರಟು ಬಿದ್ದರು. ಅಮ್ಮ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದರು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು; ಸ್ಕ್ಯಾನ್‌ನಲ್ಲಿ ಹೊಸದಾಗಿ ಏನೂ ಕಾಣಲಿಲ್ಲ. ಅಂದಿನಿಂದ ನೆಂಟರದ್ದು ಒಬ್ಬೊಬ್ಬರದು ಒಂದೊಂದು ಸಲಹೆ. ರಾತ್ರಿ ಕೈ ಕಟ್ಟಿ ಮಲಗಿಸಿ ಎನ್ನುತ್ತಾರೆ ಒಬ್ಬರು, ಮೂರು ತಿಂಗಳು ನೆಲಕ್ಕೆ ಕಾಲು ಊರಿಸಬೇಡಿ ಎನ್ನುತ್ತಾರೆ ಇನ್ನೊಬ್ಬರು. ಮೂತ್ರಕ್ಕೆ ಟ್ಯೂಬು ಹಾಕಿಸಿದರೆ ಏಳುವ ಪ್ರಮೇಯವೇ ಇಲ್ಲ ಎಂಬ ಮಾತೂ ಬಂತು. ಹೃದಯದ ಬಡಿತ ಏರುಪೇರಾಗಿದೆ ಎಂದು ವೈದ್ಯರು ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡಿದ್ದಾರೆ, ಬೀಳುವವರಿಗೆ ಅದನ್ನು ಕೊಡಬಾರದಂತೆ, ನಿಜವೇ? ಮುಂದಿನ ವಾರ ಮನೆಗೆ ಕಳುಹಿಸುತ್ತಾರೆ. ಅಮ್ಮ ತಾನು ನಿದ್ದೆ ಹೋದದ್ದರಿಂದಲೇ ಹೀಗಾಯಿತೆಂದು ಊಟ ಬಿಟ್ಟು ಕೂತಿದ್ದಾರೆ. ತಪ್ಪು ಆಸ್ಪತ್ರೆಯದೋ ನಮ್ಮದೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಕೇಳಿರುವ ಪ್ರಶ್ನೆಗಳು ಹಲವು; ಕೇಳದೆ ಬಿಟ್ಟಿರುವುದು ಒಂದು. ಎಡಗಾಲು ಮಾತು ಕೇಳುವುದಿಲ್ಲವೆಂದು ಹಗಲೆಲ್ಲ ಕಂಡಿದ್ದ ಮನುಷ್ಯ, ಪಕ್ಕದಲ್ಲೇ ಹೆಂಡತಿ ಮಲಗಿರುವಾಗ, ಒಂದು ಸಲವೂ ಕೂಗದೆ ತಾನೇ ಎದ್ದು ಹೊರಟದ್ದೇಕೆ? ಇದಕ್ಕೆ ಉತ್ತರ ಸಿಕ್ಕಿದರೆ ಉಳಿದವು ಬಹುಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ ಎಂಬುದು ನನ್ನ ಅನುಭವವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮನೆಯವರು ಸಾಮಾನ್ಯವಾಗಿ ಇದನ್ನು ಹಟವೆಂದೋ ಸಂಕೋಚವೆಂದೋ ಭಾವಿಸುತ್ತಾರೆ. ಸಂಕೋಚ ಇರುವುದಿಲ್ಲವೆಂದಲ್ಲ, ಜೀವಮಾನವಿಡೀ ಇನ್ನೊಬ್ಬರ ಕೈ ಹಿಡಿಯದೆ ಬದುಕಿದವರಿಗೆ ಮೂತ್ರಕ್ಕಾಗಿ ಹೆಂಡತಿಯನ್ನು ಎಬ್ಬಿಸುವುದು ಸುಲಭವಲ್ಲ. ಆದರೆ ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಇನ್ನೊಂದು ಕಾರಣ ಇದಕ್ಕಿಂತ ಬಲವಾಗಿರುತ್ತದೆ. ಕೈಕಾಲಿನ ಶಕ್ತಿಯ ಜೊತೆಗೆ, ಶಕ್ತಿ ಹೋಗಿದೆ ಎಂಬ ಅರಿವೂ ಅನೇಕರಲ್ಲಿ ಹೋಗಿರುತ್ತದೆ. ರೌಂಡ್ಸ್‌ನಲ್ಲಿ ಕೇಳಿದರೆ 'ಎಡಗಾಲು ಬರುವುದಿಲ್ಲ' ಎಂದು ಸರಿಯಾಗಿಯೇ ಹೇಳುವವರು ಮಂಪರಿನಲ್ಲಿ ಎಚ್ಚರವಾದಾಗ ಹಳೆಯ ಅಭ್ಯಾಸದಂತೆ ಎದ್ದು ನಡೆಯಲು ಹೋಗುತ್ತಾರೆ. ಆ ಕ್ಷಣದಲ್ಲಿ ಅವರ ಮೆದುಳಿನ ಲೆಕ್ಕದಲ್ಲಿ ಎರಡೂ ಕಾಲು ನೆಟ್ಟಗಿವೆ. 'ಏಳಬೇಡಿ ಎಂದು ಎಷ್ಟು ಸಲ ಹೇಳಿದ್ದೆ' ಎಂದು ಆಮೇಲೆ ಬೈದು ಪ್ರಯೋಜನವಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ತೊಂದರೆ ಎಡಬದಿಯ ಅಲಕ್ಷ್ಯ. ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಪ್ರಪಂಚ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲಬದಿಯ ಅನ್ನ ಖಾಲಿಯಾಗಿ ಎಡಬದಿಯ ಪಲ್ಯ ಹಾಗೇ ಉಳಿದಿದೆಯೇ, ಗಡ್ಡ ಬಲಕೆನ್ನೆಯಲ್ಲಿ ಮಾತ್ರ ನುಣುಪಾಗಿದೆಯೇ ಎಂದು ಗಮನಿಸಿ ನೋಡಿ. ಇಂಥವರು ವೀಲ್‌ಚೇರಿನ ಬಲಬದಿಯ ಬ್ರೇಕು ಹಾಕುತ್ತಾರೆ, ಎಡಬದಿಯದನ್ನು ಮರೆಯುತ್ತಾರೆ. ಏಳುವಾಗ ಕುರ್ಚಿ ತಿರುಗಿ ಜಾರುತ್ತದೆ. ಸಿಸ್ಟರನ್ನು ಕರೆಯುವ ಬೆಲ್ಲು ಎಡಬದಿಗೆ ನೇತಾಡುತ್ತಿದ್ದರೆ ಅವರ ಪಾಲಿಗೆ ಅದು ಇಲ್ಲವೇ ಇಲ್ಲ. ಎಷ್ಟೋ ಬೀಳುವಿಕೆಗಳ ಹಿಂದೆ ನಾನು ಕಂಡ ಕಾರಣ ಇಷ್ಟು ಸಣ್ಣದು.

ಕೆಲವರಲ್ಲಿ 'ನೆಟ್ಟಗೆ' ಎಂಬುದರ ಅಳತೆಯೇ ಓರೆಯಾಗಿರುತ್ತದೆ. ಕಣ್ಣು ಮುಚ್ಚಿಸಿ ಕೂರಿಸಿ, ನಿಮಗೆ ನೆಟ್ಟಗಿದ್ದಂತೆ ಅನಿಸಿದಾಗ ಹೇಳಿ ಎಂದರೆ, ಮೆದುಳಿನ ಪೆಟ್ಟಾದ ಬದಿಗೆ ಸುಮಾರು 18 ಡಿಗ್ರಿ ವಾಲಿದಾಗ ಸರಿಯಾಯಿತು ಎನ್ನುತ್ತಾರೆ ಎಂದು ಜರ್ಮನಿಯ ಸಂಶೋಧಕರು 2000ದಲ್ಲಿ ತೋರಿಸಿದರು. ನಾವು ನೇರವಾಗಿ ಕೂರಿಸಿದರೆ ಇವರಿಗೆ ಸಮತೋಲ ತಪ್ಪಿ ಬೀಳುತ್ತಿರುವಂತೆ ಅನಿಸುತ್ತದೆ; ಹಾಗಾಗಿ ಒಳ್ಳೆಯ ಕೈಯಿಂದಲೇ ಒತ್ತಿ ಒತ್ತಿ ತಮ್ಮನ್ನು ಬಲಹೀನ ಬದಿಗೆ ತಳ್ಳಿಕೊಳ್ಳುತ್ತಾರೆ. ಹಿಡಿಯಲು ಬಂದವರನ್ನೇ ತಳ್ಳಿದರೆಂದು ಮನೆಯವರು ನೊಂದುಕೊಳ್ಳುವುದುಂಟು. ನಿಮ್ಮ ತಂದೆಯವರಲ್ಲಿ ಇದು ಇದೆಯೋ ಇಲ್ಲವೋ ಫಿಸಿಯೋಥೆರಪಿಸ್ಟರನ್ನು ಕೇಳಿ; ಇದ್ದರೆ ಒಬ್ಬರೇ ಎಬ್ಬಿಸುವ ಸಾಹಸ ಬೇಡ.

ಇನ್ನು ಆ ನಾಲ್ಕು ಗಂಟೆಯ ವಿಚಾರ. ಮೂತ್ರ ತುಂಬಿತೆಂಬ ಸೂಚನೆಯನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವುದು ಮೆದುಳಿನ ಕೆಲಸ. ಪಾರ್ಶ್ವವಾಯುವಿನ ನಂತರ ಆ ತಡೆ ಸಡಿಲವಾಗಿ, ಅನಿಸಿದ ಕೂಡಲೇ ಹೋಗದಿದ್ದರೆ ಬಟ್ಟೆ ಒದ್ದೆಯಾಗುತ್ತದೆ ಎಂಬ ಸ್ಥಿತಿ ಬರುತ್ತದೆ. ಸಕ್ಕರೆ ಹೆಚ್ಚಿದ್ದರೆ ಮೂತ್ರದ ಪ್ರಮಾಣವೂ ಹೆಚ್ಚು. ಸಂಜೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರೆ, ಇಲ್ಲವೇ ರಾತ್ರಿ ಭೇದಿ ಮಾಡಿಸುವ ಔಷಧ ಕೊಟ್ಟಿದ್ದರೆ, ನಸುಕಿನ ಅವಸರ ಕಟ್ಟಿಟ್ಟ ಬುತ್ತಿ. ಅವಸರದಲ್ಲಿ ಎದ್ದವರಿಗೆ ರಕ್ತದೊತ್ತಡವೂ ಕೈಕೊಡುತ್ತದೆ. ದಿನಗಟ್ಟಲೆ ಮಲಗಿದ್ದವರು ನಿಂತಾಗ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಂಶ ಅಥವಾ ಕೆಳಗಿನದು 10 ಅಂಶ ಇಳಿದರೆ ನಾವು ಅದನ್ನು ಗಂಭೀರವಾಗಿ ಪರಿಗಣಿಸುತ್ತೇವೆ. ಸಕ್ಕರೆ ಕಾಯಿಲೆಯಿಂದ ನರ ದುರ್ಬಲವಾದವರಲ್ಲಿ, ಬಿ.ಪಿ. ಮಾತ್ರೆ ನುಂಗುವವರಲ್ಲಿ ಇದು ಸಾಮಾನ್ಯ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆಗಳ ಮಂಪರು ಬೇರೆ.

ಬಟ್ಟೆಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳಬೇಕು. ನಮ್ಮ ಊರಿನ ಗಂಡಸರು ವಾರ್ಡಿನಲ್ಲಿಯೂ ಲುಂಗಿಯಲ್ಲೇ ಇರುತ್ತಾರೆ. ಎದ್ದು ನಿಂತಾಗ ಲುಂಗಿ ಸಡಿಲಾದರೆ ಮಾನ ಕಾಯಲು ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಇವರಿಗೆ ಇರುವುದು ಒಂದೇ ಕೈ. ಅದು ಲುಂಗಿ ಹಿಡಿದರೆ ಮಂಚ ಹಿಡಿಯಲು ಕೈಯೇ ಉಳಿಯುವುದಿಲ್ಲ. ಮೊಣಕಾಲಿನವರೆಗಿನ ಎಲಾಸ್ಟಿಕ್ ಚಡ್ಡಿ ಇಂದೇ ತಂದುಕೊಡಿ. ಡ್ರಿಪ್ಸ್ ಸ್ಟ್ಯಾಂಡಿಗೆ ಚಕ್ರವಿದೆ, ಅದು ಊರುಗೋಲಲ್ಲ. ಕಾಲಿಗೆ ಎಣ್ಣೆ ತಿಕ್ಕಿದ ಮೇಲೆ ಅಂಗಾಲು ಒರೆಸದೆ ನಿಲ್ಲಿಸುವುದು, ಸಡಿಲ ಹವಾಯಿ ಚಪ್ಪಲಿ ಹಾಕಿಸುವುದು, ಇವೆರಡೂ ಬೇಡ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಒಳ್ಳೆಯದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೆಂಟರ ಸಲಹೆಗಳನ್ನು ನೋಡೋಣ.

ಕೈ ಕಟ್ಟಿದರೆ ಮೂತ್ರದ ಅವಸರ ನಿಲ್ಲುವುದಿಲ್ಲ. ತಾನೇಕೆ ಕಟ್ಟಿಸಿಕೊಂಡಿದ್ದೇನೆಂದು ತಿಳಿಯದ ಮನುಷ್ಯ ಎಳೆದಾಡುತ್ತಾನೆ. ಚರ್ಮ ಸುಲಿಯುತ್ತದೆ, ಸಡಿಲವಾಗಿರುವ ಎಡ ಭುಜದ ಕೀಲು ಜಾರುತ್ತದೆ, ಗೊಂದಲ ಹೆಚ್ಚುತ್ತದೆ. ಮಂಚದ ಕಂಬಿಯ ಕಥೆಯೂ ಇಷ್ಟೇ. ನಿದ್ದೆಯಲ್ಲಿ ಉರುಳುವವರಿಗೆ, ಮಂಚವನ್ನು ಸ್ಕ್ಯಾನ್‌ಗೆ ತಳ್ಳಿಕೊಂಡು ಹೋಗುವಾಗ ಕಂಬಿ ಬೇಕು. ಏಳಲೇಬೇಕೆಂದು ಹೊರಟವರಿಗೆ ಅದು ಹತ್ತಿ ಇಳಿಯುವ ಬೇಲಿಯಾಗುತ್ತದೆ, ಮತ್ತು ಬೀಳುವ ಎತ್ತರ ಹೆಚ್ಚುತ್ತದೆ. ನಿಮ್ಮ ತಂದೆಯವರ ಹುಬ್ಬು ಒಡೆದದ್ದು ಹೀಗೆಯೇ ಇರಬಹುದು. ಮಂಚವನ್ನು ಸಾಧ್ಯವಾದಷ್ಟು ಕೆಳಗಿಳಿಸಿ, ಚಕ್ರಗಳನ್ನು ಲಾಕ್ ಮಾಡಿ, ಅವರು ಇಳಿಯುವ ಬದಿಯಲ್ಲಿ ಒಬ್ಬರು ಇರುವುದು ಇದಕ್ಕಿಂತ ಸುರಕ್ಷಿತ.

ಮೂರು ತಿಂಗಳ ಹಾಸಿಗೆವಾಸವನ್ನಂತೂ ಖಂಡಿತ ಒಪ್ಪಲಾರೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು, ನ್ಯುಮೋನಿಯಾ, ಬೆನ್ನು ಹುಣ್ಣು ಇವು ಮಲಗಿದವರನ್ನು ಹುಡುಕಿಕೊಂಡು ಬರುವ ಕಾಯಿಲೆಗಳು. ಇದಲ್ಲದೆ ಬಳಸದ ಬದಿಯ ಎಲುಬು ಸವೆಯುತ್ತದೆ. ಲಕ್ವದವರು ಬಿದ್ದಾಗ ಸೊಂಟದ ಕೀಲು ಮುರಿಯುವುದು ಹೆಚ್ಚಾಗಿ ಬಲಹೀನ ಬದಿಯಲ್ಲೇ. ಬೀಳುವುದು ಆ ಬದಿಗೆ, ತಡೆಯಲು ಆ ಕೈ ಇಲ್ಲ, ಎಲುಬೂ ಟೊಳ್ಳು. ಮೂರು ತಿಂಗಳು ಮಲಗಿಸಿ ಆಮೇಲೆ ಎಬ್ಬಿಸಿದರೆ ಆಗುವ ಪೆಟ್ಟು ಇಂದಿನದಕ್ಕಿಂತ ದೊಡ್ಡದು. ಹಾಗೆಂದು ಅವಸರವೂ ಸಲ್ಲ. 2015ರಲ್ಲಿ ಪ್ರಕಟವಾದ, ಐದು ದೇಶಗಳ 2104 ರೋಗಿಗಳ 'ಅವರ್ಟ್' ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೆ ಎಬ್ಬಿಸಿ ದಿನವೂ ಹೆಚ್ಚು ಹೆಚ್ಚು ಹೊತ್ತು ನಡೆಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಶೇ. 46; ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 50. ಇದನ್ನು ಓದಿ 'ನೋಡಿ, ಮಲಗಿಸಿಯೇ ಇಡಬೇಕು' ಎಂದವರೂ ಇದ್ದಾರೆ. ಆದರೆ ಆ ಮಾಮೂಲಿ ಗುಂಪಿನಲ್ಲಿಯೂ ಅರ್ಧದಷ್ಟು ಮಂದಿ ಸುಮಾರು 22 ಗಂಟೆಯೊಳಗೆ ಹಾಸಿಗೆ ಬಿಟ್ಟು ಎದ್ದಿದ್ದರು! ಚರ್ಚೆ ಇದ್ದದ್ದು ಮೊದಲ ದಿನದ ಅತಿಯ ಬಗ್ಗೆ, ತಿಂಗಳುಗಳ ಬಗ್ಗೆ ಅಲ್ಲ. ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ, ಹಿಡಿದುಕೊಂಡು: ನಿಮ್ಮ ತಂದೆಯವರಿಗೆ ಈಗ ಸಲ್ಲುವ ಕ್ರಮ ಇದು.

ಮೂತ್ರದ ಟ್ಯೂಬಿನ ಸಲಹೆ ಕೇಳಲು ಚೆನ್ನಾಗಿದೆ. ಮೂತ್ರ ಕಟ್ಟಿಕೊಂಡವರಿಗೆ ಅದು ಅನಿವಾರ್ಯ. ಉಳಿದವರಲ್ಲಿ ಪ್ರತಿ ದಿನ ಕಳೆದಂತೆ ಸೋಂಕಿನ ಸಾಧ್ಯತೆ ಏರುತ್ತದೆ. ಸೋಂಕಿನಿಂದ ಜ್ವರ, ಜ್ವರದಿಂದ ಗೊಂದಲ, ಗೊಂದಲದಿಂದ ಮತ್ತೆ ಬೀಳುವಿಕೆ. ಟ್ಯೂಬಿರುವುದು ಮರೆತು ಎದ್ದು ಹೊರಟವರು ಅದಕ್ಕೇ ಕಾಲು ಸಿಕ್ಕಿಸಿಕೊಂಡು ಬಿದ್ದದ್ದನ್ನೂ ಕಂಡಿದ್ದೇನೆ. ಇದರ ಬದಲು ಗಡಿಯಾರ ನೋಡಿ ಮೂತ್ರ ಮಾಡಿಸಿ. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ, ಮಲಗುವ ಮುನ್ನ ಒಮ್ಮೆ, ಮತ್ತು ಅವರು ಬಿದ್ದ ಹೊತ್ತಿಗಿಂತ ಅರ್ಧ ಗಂಟೆ ಮೊದಲು, ಅಂದರೆ ಮೂರೂವರೆಗೆ, ಅಲಾರಂ ಇಟ್ಟುಕೊಂಡು ಎಬ್ಬಿಸಿ ಬಾಟಲಿ ಹಿಡಿಯಿರಿ. ಬಾಟಲಿ ಬಲಗೈಗೆ ಎಟಕುವಂತೆ ಇರಲಿ, ಬೆಲ್ಲೂ ಹಾಗೆಯೇ. ಅಷ್ಟು ಮಾಡಿ ಮೂರು ರಾತ್ರಿ ಕಳೆದರೆ ಅವರು ತಾವಾಗಿ ಏಳುವ ಹೊತ್ತು ಯಾವುದೆಂದು ನಿಮಗೇ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಅಲಾರಂ ಹಿಂದೆ ಮುಂದೆ ಮಾಡಿ. ನನ್ನ ಇಡೀ ಉತ್ತರದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಗ್ಗೆ ಕೊಡಬಹುದೇ ಎಂದು ವೈದ್ಯರಲ್ಲಿ ಕೇಳಿ. ನೀರು ಮಾತ್ರ ನಿಲ್ಲಿಸಬೇಡಿ, ಸಂಜೆಯ ಪಾಲನ್ನು ಮಧ್ಯಾಹ್ನಕ್ಕೆ ಸರಿಸಿದರೆ ಸಾಕು.

ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ನಿಮ್ಮ ನೆಂಟರ ಭಯಕ್ಕೆ ಆಧಾರವಿಲ್ಲದಿಲ್ಲ, ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಅವರು ನೋಡಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ಏರುಪೇರು ಬಡಿತದಲ್ಲಿ ಹೃದಯದೊಳಗೆ ಹೆಪ್ಪು ಕಟ್ಟಿ ಮೆದುಳಿಗೆ ಹಾರುವ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು. ಮಾತ್ರೆ ಅದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತದೆ. 1999ರಲ್ಲಿ ಕೆನಡಾದ ವೈದ್ಯರು ವಾರ್ಫರಿನ್ ಎಂಬ ಇಂಥದೇ ಮಾತ್ರೆಯ ಕುರಿತು ಲೆಕ್ಕ ಹಾಕಿದಾಗ, ಮೆದುಳಿನ ಹೊರಪದರದಲ್ಲಿ ರಕ್ತಸ್ರಾವವಾಗುವ ಅಪಾಯವು ಮಾತ್ರೆಯ ಲಾಭವನ್ನು ಮೀರಬೇಕಾದರೆ ಅಂಥ ಸಾಮಾನ್ಯ ರೋಗಿ ವರ್ಷಕ್ಕೆ ಸುಮಾರು 295 ಬಾರಿ ಬೀಳಬೇಕಾಗುತ್ತದೆ ಎಂದು ಬಂತು. ಅದು ಕಾಗದದ ಮೇಲಿನ ಲೆಕ್ಕ, ನಿಮ್ಮ ತಂದೆಯವರ ಮೂತ್ರಪಿಂಡ, ರಕ್ತದೊತ್ತಡ, ಸ್ಕ್ಯಾನ್ ಎಲ್ಲ ನೋಡಿ ತೀರ್ಮಾನಿಸಬೇಕಾದವರು ಅವರ ವೈದ್ಯರು. ಬಿದ್ದರೆಂಬ ಒಂದೇ ಕಾರಣಕ್ಕೆ ಮನೆಯವರು ತಾವಾಗಿ ನಿಲ್ಲಿಸುವುದು ಮಾತ್ರ ಅಪಾಯಕರ. ಆದರೆ ಈ ಮಾತ್ರೆ ನುಂಗುವವರ ತಲೆಗೆ ಪೆಟ್ಟು ಬಿದ್ದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಸ್ಕ್ಯಾನ್ ಆಗಲೇಬೇಕು. ಅಂದು ಸ್ಕ್ಯಾನ್ ಸರಿಯಿದ್ದರೂ ಕೆಲವು ವಾರಗಳ ನಂತರ ನಿಧಾನವಾಗಿ ರಕ್ತ ಸಂಗ್ರಹವಾಗಬಹುದು. ಇನ್ನೆರಡು ತಿಂಗಳು ಹೊಸ ತಲೆನೋವು, ವಾಂತಿ, ಅತಿಯಾದ ನಿದ್ದೆ, ನಡಿಗೆ ಮತ್ತೆ ಕೆಡುವುದು ಕಂಡರೆ ತಡಮಾಡಬೇಡಿ.

'ಬಿದ್ದದ್ದರಿಂದ ಎರಡನೆಯ ಸ್ಟ್ರೋಕ್ ಆಗುತ್ತದೆ' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಸಂಬಂಧ ಬಹುಪಾಲು ತಿರುಗುಮುರುಗು: ಹೊಸ ಸ್ಟ್ರೋಕ್ ಆದದ್ದರಿಂದಲೋ, ಸಕ್ಕರೆ ಇಳಿದದ್ದರಿಂದಲೋ ಬಿದ್ದಿರುತ್ತಾರೆ. ಆದ್ದರಿಂದ ಬಿದ್ದವರ ಬಾಯಿ ಓರೆಯಾಗಿದೆಯೇ, ಮಾತು ತೊದಲುತ್ತಿದೆಯೇ, ಒಳ್ಳೆಯ ಕೈ ಏಳುತ್ತಿದೆಯೇ ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ.

ತಪ್ಪು ಯಾರದು ಎಂದು ಕೇಳಿದ್ದೀರಿ. ಆಸ್ಪತ್ರೆಗಳಲ್ಲಿ ಬೀಳುವ ಅಪಾಯ ಅಳೆಯಲು ಮೋರ್ಸ್ ಎಂಬ ಅಂಕಪಟ್ಟಿ ಬಳಕೆಯಲ್ಲಿದೆ. ನಿಮ್ಮ ತಂದೆಯವರನ್ನು ಅದರಲ್ಲಿಟ್ಟು ನೋಡಿದೆ: ಇನ್ನೊಂದು ಕಾಯಿಲೆಗೆ 15, ಡ್ರಿಪ್ಸ್‌ಗೆ 20, ಕೆಟ್ಟ ನಡಿಗೆಗೆ 20, ತನ್ನ ಮಿತಿ ಮರೆಯುವುದಕ್ಕೆ 15, ಒಟ್ಟು 70. ಸಾಮಾನ್ಯವಾಗಿ 45 ದಾಟಿದರೆ ಹೆಚ್ಚಿನ ಅಪಾಯ. ಬಿದ್ದ ಮೇಲೆ ಇನ್ನೂ 25 ಸೇರುತ್ತದೆ. ಲಕ್ವ ಹೊಡೆದವರಲ್ಲಿ ಹೆಚ್ಚಿನವರ ಅಂಕ ಹೀಗೇ ಇರುವುದರಿಂದ, ಅಂಕ ಬರೆದು ಮಂಚಕ್ಕೆ ಫಲಕ ತೂಗುಹಾಕಿದರೆ ಕೆಲಸ ಮುಗಿಯಲಿಲ್ಲ. ಬಿದ್ದ ಮರುದಿನ ಅಲ್ಲಿ ಏನು ಬದಲಾಯಿತು ಎಂಬುದರ ಮೇಲೆ ನಾನು ಆಸ್ಪತ್ರೆಯನ್ನು ಅಳೆಯುತ್ತೇನೆ. ಘಟನೆಯ ವರದಿ ಬರೆದರೇ, ಮಲಗಿಸಿ ನಿಲ್ಲಿಸಿ ಬಿ.ಪಿ. ನೋಡಿದರೇ, ಮಾತ್ರೆಗಳ ಪಟ್ಟಿ ಪರಿಶೀಲಿಸಿದರೇ, ಮಂಚ ತಗ್ಗಿಸಿದರೇ, ರಾತ್ರಿ ಮೂತ್ರ ಮಾಡಿಸುವ ಸಮಯ ಗೊತ್ತುಮಾಡಿದರೇ? ಇವನ್ನು ಜಗಳವಾಡದೆ, ಆದರೆ ಒಂದೊಂದಾಗಿ, ವಾರ್ಡಿನ ಮುಖ್ಯ ಸಿಸ್ಟರನ್ನು ಕೇಳುವ ಹಕ್ಕು ನಿಮಗಿದೆ. ಯಾವುದೂ ಆಗಿಲ್ಲವೆಂದಾದರೆ ಲಿಖಿತ ದೂರು ಕೊಡುವುದು ನ್ಯಾಯವೇ.

ನಿಮ್ಮ ತಾಯಿಯ ಮೇಲೆ ಯಾವ ತಪ್ಪೂ ಇಲ್ಲ. ಐದಾರು ರಾತ್ರಿ ಒಬ್ಬರೇ ಕಾದವರಿಗೆ ನಸುಕಿನಲ್ಲಿ ಕಣ್ಣು ಹತ್ತದಿದ್ದರೆ ಆಶ್ಚರ್ಯ. ಜೊತೆಗೆ ನಿಲ್ಲುವವರು ಇದ್ದಾರೆಂದು ರಾತ್ರಿ ಪಾಳಿಯ ಎಲ್ಲ ಹೊಣೆಯನ್ನು ಅವರ ಮೇಲೆ ಬಿಡುವುದು ನಮ್ಮ ಆಸ್ಪತ್ರೆಗಳ ಹಳೆಯ ರೂಢಿ. ಯಾವಾಗ ಎಬ್ಬಿಸಬೇಕು, ಯಾವ ಬದಿಗೆ ನಿಲ್ಲಬೇಕು ಎಂದು ಅವರಿಗೆ ಯಾರಾದರೂ ಹೇಳಿಕೊಟ್ಟಿದ್ದರೇ? ಇನ್ನುಳಿದ ರಾತ್ರಿಗಳನ್ನು ನೀವು, ನಿಮ್ಮ ಅಣ್ಣತಮ್ಮಂದಿರು ಹಂಚಿಕೊಳ್ಳಿ. ಗಂಡಸರು ಹಗಲು ಡಾಕ್ಟರೊಡನೆ ಮಾತಾಡಿ, ರಾತ್ರಿಯನ್ನು ಹೆಂಗಸರಿಗೆ ಬಿಡುವುದನ್ನು ನಾನು ಬಹಳ ಕಂಡಿದ್ದೇನೆ.

ಮನೆಗೆ ಹೋದ ಮೇಲೆ ಅಪಾಯ ಕಡಿಮೆಯಾಗುತ್ತದೆ ಎಂದು ತಿಳಿಯಬೇಡಿ. 1995ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಮನೆಗೆ ಮರಳಿದ 108 ಸ್ಟ್ರೋಕ್ ರೋಗಿಗಳನ್ನು ಗಮನಿಸಿದಾಗ ಆರು ತಿಂಗಳೊಳಗೆ ಶೇ. 73 ಮಂದಿ ಒಮ್ಮೆಯಾದರೂ ಬಿದ್ದಿದ್ದರು. ನಿಲ್ಲಲಾರದವರಿಗಿಂತ ನಿಲ್ಲಬಲ್ಲ, ಆದರೆ ನಡೆಯಲು ಇನ್ನೂ ಪಳಗದವರೇ ಹೆಚ್ಚು ಬೀಳುತ್ತಾರೆ. ಚೇತರಿಕೆಯ ದಾರಿಯಲ್ಲೇ ಈ ಅಪಾಯ ಇದೆ. ನಿಮ್ಮದು ಹಳೆಯ ಮನೆಯಾದರೆ ಬಚ್ಚಲು ಹೊರಗಿರಬಹುದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿಸುವ ಯೋಚನೆಯೇ ಬೇಡ, ಕಮೋಡ್ ಕುರ್ಚಿಯನ್ನು ಮಲಗುವ ಕೋಣೆಗೇ ತನ್ನಿ. ಎತ್ತರದ ಹೊಸಿಲುಗಳ ಅಂಚಿಗೆ ಎದ್ದು ಕಾಣುವ ಬಣ್ಣದ ಟೇಪು ಅಂಟಿಸಿ, ಬಚ್ಚಲ ಗೋಡೆಗೆ ಬಲಗೈಗೆ ಸಿಗುವಂತೆ ಹಿಡಿಕೆ ಹಾಕಿಸಿ. ಹೋಗುವಾಗ ಬಲಕ್ಕಿರುವ ಹಿಡಿಕೆ ಬರುವಾಗ ಎಡಕ್ಕಾಗುತ್ತದೆ, ಹಾಗಾಗಿ ಎರಡೂ ಗೋಡೆಗೆ ಬೇಕು. ಕರೆಂಟು ಹೋದಾಗ ತಾನಾಗಿ ಉರಿಯುವ ಒಂದು ಎಲ್ಇಡಿ ಬಲ್ಬು ಸಾಕು.

ಡಿಸ್ಚಾರ್ಜ್ ಆಗುವ ಹಿಂದಿನ ದಿನ ಫಿಸಿಯೋಥೆರಪಿಸ್ಟರ ಎದುರು ನೀವು, ನಿಮ್ಮ ತಾಯಿ ಇಬ್ಬರೂ ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಒಮ್ಮೊಮ್ಮೆ ದಾಟಿಸಿ ತೋರಿಸಿ. ಕುರ್ಚಿ ಅವರ ಬಲಬದಿಗೆ ಇರಲಿ. ಸೊಂಟಕ್ಕೆ ಗಟ್ಟಿ ಬೆಲ್ಟು ಕಟ್ಟಿ ಅದನ್ನು ಹಿಡಿಯಿರಿ, ಎಡಗೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆಯಬೇಡಿ. ನಡೆಸುವಾಗ ಎಡಬದಿಗೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಬಿದ್ದರೆ ಏನು ಮಾಡಬೇಕೆಂಬುದನ್ನೂ ಅಂದೇ ಚಾಪೆಯ ಮೇಲೆ ಕಲಿಯಿರಿ. ಕೂಡಲೇ ಎತ್ತದೆ, ಕುತ್ತಿಗೆ ನೋವಿದೆಯೇ ಕೇಳಿ, ಇಲ್ಲದಿದ್ದರೆ ತಲೆಯಡಿಗೆ ದಿಂಬು ಕೊಟ್ಟು, ಎರಡೂ ಕಾಲುಗಳನ್ನು ನೋಡಬೇಕು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಅವರನ್ನು ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ. ಹಾಗಿಲ್ಲದಿದ್ದರೆ ಬಲಬದಿಗೆ ಹೊರಳಿಸಿ, ಒಳ್ಳೆಯ ಮೊಣಕಾಲ ಮೇಲೆ ಏಳಿಸಿ, ಎದುರಿಗೆ ಗಟ್ಟಿ ಸ್ಟೂಲು ಇಟ್ಟು, ಅದರ ಮೇಲೆ ಬಲಗೈ ಊರಿಸಿ ಅವರೇ ಏಳುವಂತೆ ಮಾಡಬೇಕು. ಇಬ್ಬರಿಗೂ ಇದು ಬರುತ್ತದೆ ಎಂದು ಫಿಸಿಯೋಥೆರಪಿಸ್ಟರು ಒಪ್ಪಿದ ಮೇಲೆ ಗಾಡಿ ಕರೆಸಿ.